ದಾನದ ಆ್ಯಪ್‌ನಾಗ ರೊಕ್ಕ ಹಾಕೋಕಿಂತ ಮೊದಲ ಇದನ್ನ ಓದ್ರಿ

ಮನ್ಯಾಗ ವಯಸ್ಸಾದವರ ಫೋನ್‌ನಾಗ ದಾನ ಮಾಡೋ ಆ್ಯಪ್ ಏನಾರ ಇದ್ರ ಇವತ್ತ ಅವರ ಯುಪಿಐ ಆ್ಯಪ್ ತಗದು ಆಟೋಪೇ (ಖಾತೆದಿಂದ ರೊಕ್ಕ ತಾನ ಕಟ್ ಆಗೋ ವ್ಯವಸ್ಥೆ) ಅಂತ ಇರತೈತಲ್ರಿ, ಅದನ್ನ ಒಮ್ಮೆ ನೋಡ್ರಿ.

ನಮ್ಮ ಅಪ್ಪಾಜಿ ರಿಟೈರ್ಡ್ ಸಾಲಿ ಮಾಸ್ತರು, ಬಾಗಲಕೋಟೆ ನವನಗರದಾಗ ಇರ್ತಾರ. ವಿಡಿಯೋ ನೋಡ್ಕೊಂತ ಕುಂತಾಗ ಒಂದು ಕೂಸಿನ ಆಪರೇಷನ್ ಜಾಹೀರಾತು ಬಂತು, ಮೂಗಿಗೆ ನಳಿಗಿ ಹಾಕ್ಯಾರ, ತಾಯಿ ಅಳಾಕತ್ತಾಳ, ಕೆಳಗ ಟೈಮ್ ಮುಗಿತು ಮುಗಿತು ಅಂತ ಗಡಿಯಾರ ಓಡಾಕತ್ತೈತಿ, ಅವರಿಗೆ ತಡಕೊಳ್ಳಾಕ ಆಗ್ಲಿಲ್ಲ, ಆ್ಯಪ್ ಹಾಕ್ಕೊಂಡು 500 ರೂಪಾಯಿ ಕೊಟ್ರು. ಕೊಟ್ಟಿದ್ದು ಒಳ್ಳೇ ಕೆಲಸ, ಅದಕ್ಕ ಯಾರದೂ ತಕರಾರಿಲ್ಲ. ಆದ್ರ ಖಾತೆದಿಂದ ಹೋಗಿದ್ದು 570. ಮ್ಯಾಲಿನ 70 ಟಿಪ್ ಅಂತ, ಅದು ಕೂಸಿಗೆ ಹೋಗಂಗಿಲ್ರಿ, ಆ್ಯಪ್ ಕಂಪನಿಗೆ ಹೋಗತೈತಿ. ಟಿಪ್ ಬ್ಯಾಡ ಅನ್ನಬೇಕಂದ್ರ ಪರ್ಸೆಂಟ್ ಪಟ್ಟಿ ಕೆಳಗ 'ಇತರೆ' ಒತ್ತಿ ಸೊನ್ನೆ ಟೈಪ್ ಮಾಡಬೇಕು, ಅದು ಯಾರಿಗೆ ಕಾಣ್ತೈತಿ ಹೇಳ್ರಿ?

ಮುಂದಿನ ತಿಂಗಳು ಮತ್ತ 570 ಕಟ್ ಆತು. ನೋಡಿದ್ರ 'ಪ್ರತಿ ತಿಂಗಳು' ಅನ್ನೋದಕ್ಕ ಆ್ಯಪ್‌ನವರು ಮೊದಲ ಟಿಕ್ ಹಾಕಿ ಇಟ್ಟಿದ್ರು. ಆಟೋಪೇಗೆ ಒಮ್ಮೆ ಪಿನ್ ಒತ್ತಿದ್ರ ಮುಗೀತು, ಆಮ್ಯಾಲೆ 15,000 ತನಕ ಕಟ್ ಆಗೋವಾಗ ಪಿನ್ ಕೇಳಂಗಿಲ್ಲ. ಕಟ್ ಆಗೋ 24 ತಾಸು ಮೊದಲ ಮೆಸೇಜ್ ಬರಬೇಕಂತ ರೂಲ್ ಐತಿ, ಬಂದಿತ್ತು ಖರೆ, ಇಂಗ್ಲಿಷ್‌ನಾಗ, ರೀಚಾರ್ಜ್ ಮೆಸೇಜ್‌ಗಳ ನಡುವ.

ಅಳೋ ಕೂಸಿನ ಮುಖ ತೋರಿಸಿ, ಅವಸರ ಮಾಡ್ಸಿ, ಕೊಡೋ ಮನಸ್ಸಿದ್ದವರ ಕಡೆನ ಹಿಂಗ ಕಿತ್ಕೊಳ್ಳೋದು ನೋಡಿ ನನಗ ಭಾಳ ಸಿಟ್ಟು ಬಂದೈತಿ. ಇದು ಬರೀ ನನ್ನ ಸಿಟ್ಟಲ್ಲ, 2023ರ ನವೆಂಬರ್‌ನಾಗ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ಅಂತ 13 ನಮೂನಿ ಮೋಸ ಪಟ್ಟಿ ಮಾಡೈತಿ, ಕೇಳದನ ಬಿಲ್ಲಿಗೆ ರೊಕ್ಕ ಸೇರಸೋದೂ ಅದರಾಗ ಐತಿ.

ಇನ್ನೊಂದು, 80ಜಿ (ದಾನಕ್ಕ ಸಿಗೋ ಟ್ಯಾಕ್ಸ್ ರಿಯಾಯ್ತಿ) ಒಳಗ ಟ್ಯಾಕ್ಸ್ ಉಳಿತೈತಿ ಅಂತ ನಂಬಿ ಕೊಡೋರು ಗಮನ ಇಡ್ರಿ. ಒಬ್ಬ ಪೇಶೆಂಟ್‌ಗೆ ನೇರ ಕೊಟ್ಟ ರೊಕ್ಕಕ್ಕ 80ಜಿ ಸಿಗಂಗಿಲ್ಲ, ನೋಂದಣಿ ಆದ ಸಂಸ್ಥೆಗೆ ಕೊಟ್ರ ಮಾತ್ರ, ಅದೂ ಹಳೇ ಟ್ಯಾಕ್ಸ್ ಪದ್ಧತಿಯೊಳಗ ಇದ್ರ. ಸಂಸ್ಥೆಯವರ ಕಡೆಯಿಂದ ದಾನದ ಸರ್ಟಿಫಿಕೇಟ್ (ಫಾರ್ಮ್ 10ಬಿಇ) ಇಸ್ಕೋಬೇಕು. ರೊಕ್ಕ ಹಾಕೋವಾಗ ಪಿನ್ ಒತ್ತೋಕಿಂತ ಮೊದಲ ಯಾರ ಹೆಸರು ಬರತೈತಿ, ಟೋಟಲ್ ಎಷ್ಟೈತಿ, ಒಮ್ಮೆನೋ ತಿಂಗಳ ತಿಂಗಳೋ, ಇಷ್ಟ ನೋಡ್ರಿ ಸಾಕು.

ಆಟೋಪೇ ನಾವು ಯುಪಿಐ ಆ್ಯಪ್‌ನಾಗ ಕ್ಯಾನ್ಸಲ್ ಮಾಡಿದ್ವಿ, ದಾನದ ಆ್ಯಪ್ ತಗದು ಹಾಕಿದ್ರ ಅಷ್ಟಕ್ಕ ಅದು ನಿಲ್ಲಂಗಿಲ್ಲ ಮತ್ತ. ಟಿಪ್ ವಾಪಸ್ ಕೇಳಿದ್ರ 'ಪಾಲಿಸಿ ಇಲ್ಲ ಸರ್' ಅಂದ್ರು. ಸ್ಕ್ರೀನ್‌ಶಾಟ್ ಇಟ್ಕೊಂಡು ಗ್ರಾಹಕ ಸಹಾಯವಾಣಿ 1915ಕ್ಕ ದೂರು ಕೊಟ್ಟೀವಿ. ಆ್ಯಪ್ ನಕಲಿ ಅಂತ ಗೊತ್ತಾದ್ರ ಮಾತ್ರ ತಡ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ರಿ.