ತೊಂದೋನಿಯಾದ ಹಳೇ ಬಾಟಲಿಗಳು: ಕೆಂಪು ಮೇಲೋ, ಬಿಳಿ ಮೇಲೋ?

ಹಳೇ ವೈನ್ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಕೆಂಪಿನ ಮೇಲೆ. ಬಿಳಿಯದನ್ನು ಬೇಗ ಕುಡಿದು ಮುಗಿಸಬೇಕು, ಗುಲಾಬಿ ಬಣ್ಣದ ರೋಸೆ ವೈನನ್ನಂತೂ ವರ್ಷ ದಾಟಿಸಬಾರದು ಅನ್ನೋದು ರೂಢಿಯ ಮಾತು. ಸ್ಪೇನ್‌ನ ರಿಯೋಹಾ ಸೀಮೆಯ ಲೋಪೆಸ್ ದೆ ಎರೆದಿಯಾ ಈ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. 1877ರಲ್ಲಿ ಆರೋ ಪಟ್ಟಣದಲ್ಲಿ ಶುರುವಾದ ವೈನರಿ ಇದು, ಈಗಲೂ ಅದೇ ಮನೆತನದವರ ಕೈಯಲ್ಲಿದೆ. ತೊಂದೋನಿಯಾ ಇವರದೇ ವೈನ್. ನನಗಂತೂ ಅಚ್ಚುಮೆಚ್ಚು. ಸಿಕ್ಕ ಹಳೇ ಬಾಟಲಿಗಳನ್ನೆಲ್ಲ ಪಕ್ಕಪಕ್ಕ ಇಟ್ಟು ಕುಡಿದು ನೋಡಿದ ಮೇಲೆ ಹೇಳುತ್ತಿದ್ದೇನೆ: ದುಡ್ಡು ಒಂದೇ ಬಾಟಲಿಗೆ ಇದ್ದರೆ ಬಿಳಿಯದನ್ನೇ ಕೊಳ್ಳಿ.

ಹಾಗಂತ ಕೆಂಪು ಕಡಿಮೆಯದೇನಲ್ಲ. 1994ರ ಫಸಲಿನ ಎರಡು ಗ್ರಾನ್ ರೆಸೆರ್ವಾ (ವರ್ಷಗಟ್ಟಲೆ ಮಾಗಿಸಿದ ಮೇಲ್ದರ್ಜೆಯ ವೈನ್) ತಗೊಳ್ಳಿ, ಒಂದು ವಿನ್ಯಾ ತೊಂದೋನಿಯಾ, ಇನ್ನೊಂದು ವಿನ್ಯಾ ಬೊಸ್ಕೋನಿಯಾ. ರಿಯೋಹಾದ ನಿಯಂತ್ರಣ ಮಂಡಳಿ ಆ ವರ್ಷಕ್ಕೆ 'ಅತ್ಯುತ್ತಮ' ದರ್ಜೆ ಕೊಟ್ಟಿದೆ. ಎರಡರಲ್ಲೂ ತೆಂಪ್ರನಿಯೊ ದ್ರಾಕ್ಷಿಯದೇ ಮೇಲುಗೈ. ಆದರೆ ತೋಟ ಬೇರೆ, ಬಾಟಲಿಯ ಆಕಾರವೂ ಬೇರೆ. ತೊಂದೋನಿಯಾದ್ದು ಬೋರ್ಡೋ ಮಾದರಿಯ ಎತ್ತರ ಹೆಗಲಿನ ಬಾಟಲಿ, ಬೊಸ್ಕೋನಿಯಾದ್ದು ಬರ್ಗಂಡಿ ಮಾದರಿಯ ಇಳಿಜಾರು ಹೆಗಲಿನದ್ದು. ಗ್ಲಾಸಿಗೆ ಸುರಿದಾಗ ತೊಂದೋನಿಯಾ ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಒಣಗಿದ ಚೆರ್ರಿ, ತಂಬಾಕು, ಹಳೇ ಚರ್ಮದ ವಾಸನೆ. ಹುಳಿ ಇನ್ನೂ ಚುರುಕಾಗಿದೆ, ಒಗರು ಮಾತ್ರ ಸವೆದು ನಯವಾಗಿದೆ. ಬೊಸ್ಕೋನಿಯಾ ಇದಕ್ಕಿಂತ ದಪ್ಪ. ತೆರೆದ ಹೊಸದರಲ್ಲಿ ಮುನಿಸಿಕೊಂಡು ಕೂತಂತಿತ್ತು, ಗಂಟೆ ಕಳೆದ ಮೇಲೆ ಬಾಯಿಬಿಟ್ಟಿತು. ಕುರಿಮಾಂಸದ ಜೊತೆಗಾದರೆ ಬೊಸ್ಕೋನಿಯಾ, ಸುಮ್ನೆ ಕೂತು ಕುಡಿಯೋದಕ್ಕಾದರೆ ತೊಂದೋನಿಯಾ. ನನ್ನ ಓಟು ತೊಂದೋನಿಯಾಕ್ಕೆ, ಅದೂ ಕೂದಲೆಳೆಯಷ್ಟು ಅಂತರದಲ್ಲಿ.

ಈಗ ಬಿಳಿಗೆ ಬರೋಣ. ತೊಂದೋನಿಯಾ ಬ್ಲಾಂಕೋ (ಅಂದರೆ ಬಿಳಿ) ಗ್ರಾನ್ ರೆಸೆರ್ವಾ, 1987 ಮತ್ತು 1991. ಹೆಚ್ಚಿನಂಶ ವಿಯೂರಾ ದ್ರಾಕ್ಷಿ, ಜೊತೆಗೆ ಸ್ವಲ್ಪ ಮಾಲ್ವಸಿಯಾ. ಇದೂ ಕೆಂಪಿನ ಹಾಗೆಯೇ ಸುಮಾರು 10 ವರ್ಷ ಪೀಪಾಯಿಯಲ್ಲಿ ಕಳೆದದ್ದು. ಬಿಳಿ ವೈನಿಗೆ ಇಷ್ಟು ಕಾಲ ಕೊಡೋರು ಎಷ್ಟು ಜನ ಇದ್ದಾರೆ ಹೇಳಿ! ಪೀಪಾಯಿಗಳನ್ನು ವೈನರಿಯವರೇ ಅಮೆರಿಕನ್ ಓಕ್ ಮರದಿಂದ ಮಾಡಿಕೊಳ್ಳುತ್ತಾರೆ, ರಿಪೇರಿ ಮಾಡುತ್ತಾ ದಶಕಗಟ್ಟಲೆ ಬಳಸುತ್ತಾರೆ. ಅಷ್ಟು ಹಳೆಯದಾದ ಮರ ವೈನಿಗೆ ತನ್ನ ರುಚಿ ಹತ್ತಿಸುವುದಿಲ್ಲ. ಗಾಳಿಯನ್ನು ಮಾತ್ರ ಚೂರುಚೂರೇ ಒಳಗೆ ಬಿಡುತ್ತದೆ. ಬಾಟಲಿಗೆ ಇಳಿಯುವ ಹೊತ್ತಿಗೆ ವೈನ್ ಗಾಳಿಗೆ ಪಳಗಿರುತ್ತದೆ. ಅದಕ್ಕೇ ತೆರೆದ ಮೇಲೂ ಕುಸಿಯುವುದಿಲ್ಲ.

1991ರದ್ದು ಹಳೇ ಚಿನ್ನದ ಬಣ್ಣ. ಮೂಗಿಗೆ ಮೊದಲು ಬಂದದ್ದು ಜೇನುಮೇಣ ಮತ್ತು ಬಾದಾಮಿ. ಜೊತೆಗೆ ಕುಡಿದ ಗೆಳೆಯರೊಬ್ಬರು ಒಂದೇ ಸಲ ಮೂಸಿ, 'ಇದು ಕೆಟ್ಟಿದೆ, ಬಿಡಿ' ಅಂದರು. ವಾಸನೆ ಅಷ್ಟರಮಟ್ಟಿಗೆ ಶೆರ್ರಿ ಅನ್ನೋ ಕಡಕ್ ಸ್ಪ್ಯಾನಿಷ್ ವೈನಿಗೆ ಹತ್ತಿರ. ಬಾಯಿಗೆ ಹಾಕಿಕೊಂಡರೆ ಬೇರೆಯೇ ಕಥೆ. ನಿಂಬೆಯಂಥ ಹುಳಿ ನಾಲಿಗೆಯ ಎರಡೂ ಬದಿ ಹಿಡಿಯುತ್ತದೆ, ಹಿಂದೆಯೇ ಒಣಗಿದ ಕಿತ್ತಳೆ ಸಿಪ್ಪೆ, ಉಪ್ಪಿನ ಸುಳಿವು, ಕೊನೆಗೆ ಬಿಳಿಯಲ್ಲಿ ಅಪರೂಪವಾದ ತುಸು ಒಗರು. ನುಂಗಿದ ಮೇಲೂ ರುಚಿ ಹೋಗುವುದಿಲ್ಲ. ಗೆಳೆಯರು ಎರಡನೇ ಗ್ಲಾಸ್ ಕೇಳಿದರು ಅನ್ನೋದನ್ನು ಇಲ್ಲಿ ಹೇಳಲೇಬೇಕು, ಅಲ್ವಾ?

1987ರದ್ದು ಇನ್ನೂ ಗಾಢ, ಹೇಜಲ್‌ನಟ್ ಮತ್ತು ಸುಟ್ಟ ಸಕ್ಕರೆಯ ಕಡೆಗೆ ಹೊರಳಿದೆ. ಹಣ್ಣು ಕಡಿಮೆ, ಆಳ ಜಾಸ್ತಿ. ಹೆಚ್ಚು ಮಂದಿ 1987ನ್ನೇ ಹುಡುಕುತ್ತಾರೆ. ನನಗೆ 1991ರ ಚುರುಕೇ ಇಷ್ಟ. ಅರ್ಧ ಬಾಟಲಿಗೆ ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಕುಡಿದಾಗ ಅದು ಇನ್ನೂ ಚೆನ್ನಾಗಿತ್ತು. ಅದೇ ವಯಸ್ಸಿನ ಕೆಂಪು ಅಷ್ಟು ಹೊತ್ತಿಗೆ ಸಪ್ಪೆಯಾಗಿತ್ತು.

ಇನ್ನು ರೊಸಾದೋ ಗ್ರಾನ್ ರೆಸೆರ್ವಾ 2000. ಗರ್ನಾಚೋ, ತೆಂಪ್ರನಿಯೊ, ವಿಯೂರಾ ಮೂರೂ ದ್ರಾಕ್ಷಿ ಸೇರಿದ, ನಾಲ್ಕು ವರ್ಷ ಪೀಪಾಯಿಯಲ್ಲಿದ್ದ ರೋಸೆ. ಗುಲಾಬಿ ಬಣ್ಣ ಹೋಗಿ ಈರುಳ್ಳಿ ಸಿಪ್ಪೆಯ ಬಣ್ಣ ಬಂದಿದೆ. ಮಜವಾಗಿದೆ, ಊಟಕ್ಕೂ ಚೆನ್ನಾಗಿ ಹೊಂದುತ್ತದೆ. ಆದರೆ 2000ದ ನಂತರ ಮಾರುಕಟ್ಟೆಗೆ ಬಂದದ್ದು 2008ರದ್ದೇ, ನಡುವೆ ಏನೂ ಇಲ್ಲ. ಹಾಗಾಗಿ ಸಂಗ್ರಹಕಾರರು ಮುಗಿಬಿದ್ದಿದ್ದಾರೆ. ಆ ಬೆಲೆಯಲ್ಲಿ ಅರ್ಧ ದುಡ್ಡು ಅಪರೂಪ ಅನ್ನೋದಕ್ಕೇ ಹೋಗುತ್ತದೆ.

ತೆರೆಯುವ ವಿಷಯ ಒಂದೆರಡು ಮಾತು. ಕೆಂಪು ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿಯಲಿ. ಹಳೇ ಕಾರ್ಕ್ ಪುಡಿಯಾಗುತ್ತದೆ, ಅದಕ್ಕೆ ಎರಡು ಅಲಗಿನ ಓಪನರ್ ವಾಸಿ. ಬಿಳಿಯದನ್ನು ಜಾಸ್ತಿ ತಣ್ಣಗೆ ಮಾಡಬೇಡಿ. 13–14 ಡಿಗ್ರಿ ಸಾಕು, ಅದಕ್ಕಿಂತ ತಣ್ಣಗಾದರೆ ಹುಳಿ ಬಿಟ್ಟು ಬೇರೇನೂ ಸಿಗುವುದಿಲ್ಲ.

ಇಷ್ಟೆಲ್ಲ ಓದಿಯೂ ಹಳೇ ಬಿಳಿಯ ಮೇಲೆ ಅನುಮಾನ ಇದ್ದರೆ ಇದೇ ವೈನರಿಯ ವಿನ್ಯಾ ಗ್ರಾವೋನಿಯಾ ಕುಡಿದು ನೋಡಿ. ಪೂರ್ತಿ ವಿಯೂರಾ, ನಾಲ್ಕು ವರ್ಷ ಪೀಪಾಯಿ, ಬೆಲೆ ಎಷ್ಟೋ ಕಡಿಮೆ. ರುಚಿಯ ದಾರಿ ಮಾತ್ರ ಅದೇ. ಅದು ಹಿಡಿಸದೇ ಹೋದರೆ ಗ್ರಾನ್ ರೆಸೆರ್ವಾಗೆ ದುಡ್ಡು ಹಾಕಬೇಡಿ.