ಗ್ಲಾಸ್ಗೋ ಕೆಥೆಡ್ರಲ್ಲೋ, ಎಲ್ಗಿನ್ ಕೆಥೆಡ್ರಲ್ಲೋ?

ಸ್ಕಾಟ್ಲೆಂಡಿನಲ್ಲಿ ಒಂದೇ ಒಂದು ಹಳೇ ಕೆಥೆಡ್ರಲ್ (ಬಿಷಪ್‌ನ ಮುಖ್ಯ ಚರ್ಚ್) ನೋಡುವಷ್ಟು ಪುರುಸೊತ್ತಿದ್ದರೆ ಯಾವುದಕ್ಕೆ ಹೋಗಬೇಕು?

ಗ್ಲಾಸ್ಗೋದ್ದು ಊರೊಳಗೇ ಇದೆ. ಹೆಚ್ಚಿನ ಭಾಗ 13ನೇ ಶತಮಾನದ್ದು. ದೇಶ ಕ್ಯಾಥೊಲಿಕ್ ಪಂಥ ಬಿಟ್ಟು ಪ್ರಾಟೆಸ್ಟೆಂಟ್ ಆದ 1560ರ ಧರ್ಮಸುಧಾರಣೆಯ ಗಲಾಟೆಯಲ್ಲೂ ಚಾವಣಿ ಉಳಿಸಿಕೊಂಡಿತು. ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಜಾಗ ಇಳಿಜಾರಾದ್ದರಿಂದ ಕೆಳಗೊಂದು, ಮೇಲೊಂದು ಚರ್ಚ್ ಕಟ್ಟಿದ್ದಾರೆ. ಮೆಟ್ಟಿಲಿಳಿದರೆ ಕಂಬಗಳ ಕಾಡು, ನಡುವೆ ಊರಿನ ಪೋಷಕ ಸಂತ ಮುಂಗೋನ ಸಮಾಧಿ. ಅಲ್ಲಿ ಮಾತು ತಾನಾಗಿ ಪಿಸುಮಾತಾಗುತ್ತದೆ.

ಎಲ್ಗಿನ್ ಇರುವುದು ಉತ್ತರದಲ್ಲಿ. ಶುರುವಾದದ್ದು 1224ರಲ್ಲಿ. 'ಬ್ಯಾಡನಾಕ್‌ನ ತೋಳ' ಎಂದೇ ಹೆಸರಾದ ಅಲೆಕ್ಸಾಂಡರ್ ಸ್ಟೂವರ್ಟ್, ಬಿಷಪ್ ಮೇಲಿನ ಸಿಟ್ಟಿಗೆ 1390ರಲ್ಲಿ ಇದಕ್ಕೆ ಬೆಂಕಿ ಇಟ್ಟ. ರಾಜನ ಮಗನೇ ಹೀಗೆ! ಮತ್ತೆ ಕಟ್ಟಿದರು. ಆಮೇಲೆ 1567ರಲ್ಲಿ ಚಾವಣಿಗೆ ಹೊದಿಸಿದ್ದ ಸೀಸದ ತಗಡು ಕಿತ್ತರು, 1711ರಲ್ಲಿ ನಡುಗೋಪುರ ಕುಸಿಯಿತು. ಆ ಕಲ್ಲುರಾಶಿಯನ್ನು ತೆರವು ಮಾಡಿದವನು ಜಾನ್ ಶ್ಯಾಂಕ್ಸ್ ಎಂಬ ಚಪ್ಪಲಿ ಹೊಲಿಯುವವನು. ಎಂಟು ಮೂಲೆಯ ಸಭಾಗೃಹ ಮಾತ್ರ ಚೆನ್ನಾಗಿ ಉಳಿದಿದೆ. ಅದರ ಕಮಾನುಗಳೆಲ್ಲ ಒಂದೇ ಕಂಬದಿಂದ ಕೊಡೆಯ ಕಡ್ಡಿಗಳಂತೆ ಹರಡಿವೆ.

ಮಳೆ ಬಂದರೆ ಗ್ಲಾಸ್ಗೋ, ಬೇರೆ ಮಾತೇ ಇಲ್ಲ. ಬಿಸಿಲಿದ್ದು, ಉತ್ತರದ ಇನ್ವರ್ನೆಸ್ ಊರಿನ ಕಡೆ ಹೇಗೂ ಹೋಗುವವರಾದರೆ ಎಲ್ಗಿನ್. ನನಗಂತೂ ಆ ಪಾಳು ಗೋಡೆಗಳೇ ಜಾಸ್ತಿ ಇಷ್ಟ.