ಮುಧೋಳ ನಾಯಿಗೆ ಬಿ.ಕಾಂ. ಹುಡುಗನ ಆರೈಕೆ: ಎರಡು ವರ್ಷ ಬಳಸಿದ ಮೇಲೆ

ನಮ್ಮ ಮನೆಯ ಮುಧೋಳ ತಳಿಯ ಹೆಣ್ಣು ನಾಯಿಯನ್ನು 2023ರ ಜೂನ್ ತಿಂಗಳಿನಿಂದ ನೋಡಿಕೊಳ್ಳುತ್ತಿರುವ ಒಂದು ಸಣ್ಣ ಸೇವೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಧಾರವಾಡದ ಸಪ್ತಾಪುರದ ಹುಡುಗನೊಬ್ಬ ಬಿ.ಕಾಂ. ಮುಗಿಸಿದ ಬೇಸಿಗೆಯಲ್ಲೇ, ಓರಗೆಯವರೆಲ್ಲ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳ ತರಬೇತಿಗೆ ಹೆಸರು ಹಚ್ಚುತ್ತಿದ್ದಾಗ, ತಾನೊಬ್ಬನೇ ಇದನ್ನು ಶುರುಮಾಡಿದ. ಸೇವೆಯ ಹೆಸರು ಬರೆಯಬೇಡಿ ಎಂದು ಅವನೇ ಕೇಳಿಕೊಂಡಿದ್ದಾನೆ. ಹೊಸ ನಾಯಿಗಳನ್ನು ಒಪ್ಪಿಕೊಳ್ಳುವ ಸ್ಥಿತಿಯಲ್ಲಿ ಅವನು ಸದ್ಯ ಇಲ್ಲ. ಆ ಸ್ಥಿತಿ ಏಕೆ ಬಂತೆಂಬುದನ್ನೂ ಮುಂದೆ ಹೇಳುತ್ತೇನೆ.

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ನಮ್ಮ ನಾಯಿ ಚಿಗರಿಯನ್ನು ತಿರುಗಾಡಿಸುವುದು ನನ್ನಿಂದ ಆಗದ ಮಾತಾಯಿತು. (ಚಿಗರಿ ಎಂದರೆ ಜಿಂಕೆ. ಅದು ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸಿನ ಹೆಸರೂ ಹೌದು, ನಾವು ಮಾತ್ರ ಅವಳ ಓಟ ನೋಡಿ ಹೆಸರಿಟ್ಟೆವು.) ಬೇಟೆಗೆಂದೇ ಬೆಳೆದುಬಂದ ತಳಿಯಾದ್ದರಿಂದ ಮುಧೋಳ ನಾಯಿಗೆ ಅಂಗಳದ ತಿರುಗಾಟ ಸಾಲುವುದಿಲ್ಲ. ಹುಡುಗನ ಕರಾರು ಸರಳವಾಗಿತ್ತು: ಬೆಳಿಗ್ಗೆ ನಲವತ್ತು ನಿಮಿಷ ನಡಿಗೆ, ವಾರಕ್ಕೊಮ್ಮೆ ಮೈ ತಪಾಸಣೆ, ತಿಂಗಳಿಗೆ 2,000 ರೂಪಾಯಿ. ಸ್ನಾನಕ್ಕೆ 400, ನಾವು ಊರಿಗೆ ಹೋದಾಗ ಅವನ ಮನೆಯಲ್ಲಿ ಬಿಟ್ಟರೆ ದಿನಕ್ಕೆ 350. ಬೆಂಗಳೂರಿನಲ್ಲಿರುವ ಮಗ ಈ ದರ ಕೇಳಿ ನಕ್ಕ.

ಮೊದಲ ತಿಂಗಳಲ್ಲೇ ಎಡವಟ್ಟಾಯಿತು. ಕೆಲಗೇರಿ ಕೆರೆಯ ದಂಡೆಯಲ್ಲಿ ಒಂದು ಬೆಕ್ಕು ಅಡ್ಡ ಓಡಿದ್ದೇ ತಡ, ಚಿಗರಿ ಹಿಂದಕ್ಕೆ ಜಗ್ಗಿ ತಲೆಯನ್ನು ಕೊರಳಪಟ್ಟಿಯಿಂದ ಜಾರಿಸಿಕೊಂಡು ಹೋಗಿಬಿಟ್ಟಳು. ಮುಧೋಳ ನಾಯಿಯ ತಲೆ ಕುತ್ತಿಗೆಗಿಂತ ಸಣ್ಣದು. ಬೇರೆ ನಾಯಿಗಳಿಗೆ ಹಾಕುವ ಬಕಲ್ ಪಟ್ಟಿ ಅದಕ್ಕೆ ನಿಲ್ಲುವುದಿಲ್ಲ. ಇದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದ ನಾನೂ ಹೇಳಿರಲಿಲ್ಲ. ಎರಡು ತಾಸಿನ ಮೇಲೆ ಅವಳು ತಾನಾಗಿಯೇ ಮನೆಗೆ ಬಂದಳು. ಅವನು ಬಂದದ್ದು ಅವಳಿಗಿಂತ ಅರ್ಧ ತಾಸು ತಡವಾಗಿ, ಮೊಣಕಾಲವರೆಗೆ ಕೆಸರು ಮಾಡಿಕೊಂಡು. "ಕಾಕಾ, ತಪ್ಪು ನಂದ ಐತ್ರಿ. ಪಟ್ಟಿ ಕೈಯಾಗ ಉಳೀತು, ನಾಯಿ ಹೋತು" ಎಂದನೇ ಹೊರತು ಬೆಕ್ಕಿನ ಮೇಲಾಗಲಿ ನಾಯಿಯ ಮೇಲಾಗಲಿ ಹಾಕಲಿಲ್ಲ. ಮರುವಾರ ಮಾರ್ಟಿಂಗೇಲ್ ಎಂಬ, ಜಗ್ಗಿದಾಗ ಒಂದು ಅಳತೆಯವರೆಗೆ ಮಾತ್ರ ಬಿಗಿಯಾಗುವ ಅಗಲ ಪಟ್ಟಿಯನ್ನು ತನ್ನ ದುಡ್ಡಿನಲ್ಲಿ ತರಿಸಿದ. ಇಂದಿಗೂ ಅದೇ ಪಟ್ಟಿ ಇದೆ.

ಆದರೆ ಈ ಸೇವೆಯಲ್ಲಿ ನಾನು ಹಣ ಕೊಡುತ್ತಿರುವುದು ನಿಜವಾಗಿ ನಡಿಗೆಗಲ್ಲ, ಅವನು ಬರೆಯುವ ಪುಸ್ತಕಕ್ಕೆ. ಪ್ರತಿ ನಾಯಿಗೂ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಅದು ಆಯಾ ಮನೆಯ ಬಾಗಿಲ ಬಳಿಯೇ ಇರುತ್ತದೆ. ಮಾಲೀಕರು ಯಾವಾಗ ಬೇಕಾದರೂ ತೆರೆದು ನೋಡಬಹುದು. ಎಷ್ಟು ಹೊತ್ತು ನಡೆದಳು, ಮಲ ಹೇಗಿತ್ತು, ಎಲ್ಲಿ ಕುಂಟಿದಳು, ಯಾವ ನಾಯಿಯ ಮೇಲೆ ಗುರುಗುಟ್ಟಿದಳು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. 2024ರ ಜುಲೈ ತಿಂಗಳಲ್ಲಿ, ಜಿಟಿಜಿಟಿ ಮಳೆ ಹಿಡಿದ ವಾರದಲ್ಲಿ, ಅದರಲ್ಲಿ ಹೀಗೆ ಬರೆದಿದ್ದ: "ಬೆಳಗಿನ ಅನ್ನ ಅರ್ಧ ಬಿಟ್ಟಾಳ. ಒಸಡು ಬೆಳ್ಳಗ ಕಾಣ್ತೈತಿ. ಬಲ ಹಿಂಗಾಲ ಬೆರಳಸಂದ್ಯಾಗ 2 ಉಣ್ಣಿ ತಗದೇನಿ." ನಾವು ದಿನವಿಡೀ ಅವಳೊಂದಿಗೇ ಇದ್ದೂ ಒಸಡನ್ನು ನೋಡಿರಲಿಲ್ಲ. ಮಳೆಗೆ ಮುದುಡಿದ್ದಾಳೆ ಎಂದುಕೊಂಡಿದ್ದೆವು, ಏಕೆಂದರೆ ಮೈಯಲ್ಲಿ ಕೊಬ್ಬು ಕಡಿಮೆಯಿರುವ ಈ ತಳಿಗೆ ಚಳಿ ಬೇಗ ತಾಗುತ್ತದೆ. ಅವನೇ ಒತ್ತಾಯ ಮಾಡಿ ಅದೇ ದಿನ ಪಶುವೈದ್ಯರಲ್ಲಿಗೆ ಕರೆದುಕೊಂಡು ಹೋದ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಬಹಳ ಇಳಿದಿತ್ತು. ಉಣ್ಣಿಯಿಂದ ಬರುವ ಎರ್ಲಿಕಿಯಾ ಜ್ವರ. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡಬೇಕಾಯಿತು. ಬರಿಹೊಟ್ಟೆಗೆ ಕೊಟ್ಟರೆ ವಾಂತಿಯಾಗಬಹುದೆಂದು ವೈದ್ಯರು ಹೇಳಿದ್ದರಿಂದ, ಬೆಳಗಿನ ಮಾತ್ರೆಯನ್ನು ಅವನೇ ರೊಟ್ಟಿಯ ತುಣುಕಿನಲ್ಲಿ ಮಡಚಿ ತಿನ್ನಿಸುತ್ತಿದ್ದ, ತಿನ್ನಿಸಿದ ಹೊತ್ತನ್ನೂ ಬರೆಯುತ್ತಿದ್ದ. ಇನ್ನೂ ಒಂದು ವಾರ ತಡವಾಗಿದ್ದರೆ ಏನಾಗುತ್ತಿತ್ತೆಂದು ನಾನು ವೈದ್ಯರನ್ನು ಕೇಳಲಿಲ್ಲ.

ಅವನು ಉಣ್ಣಿ ತೆಗೆಯುವುದನ್ನೂ ನೋಡಬೇಕು. ಸಣ್ಣ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು, ತಿರುಚದೆ ನೆಟ್ಟಗೆ ಎಳೆದು, ಸ್ಪಿರಿಟ್ ತುಂಬಿದ ಶೀಶೆಗೆ ಹಾಕುತ್ತಾನೆ. ಸೀಮೆಎಣ್ಣೆ ಸವರಿ, ಊದಿನಕಡ್ಡಿಯಿಂದ ಚುಚ್ಚಿ ತೆಗೆಯುತ್ತಿದ್ದ ಕಾಲದವನಾದ ನನಗೆ ಇದೊಂದು ಪಾಠವೇ ಆಯಿತು.

ಸ್ನಾನದ ಸೇವೆ ಸಾಧಾರಣ. ನಾಯಿಗೆಂದೇ ತಯಾರಿಸಿದ ಶಾಂಪೂ ಬಳಸುತ್ತಾನೆ, ಕಿವಿಗೆ ನೀರು ಹೋಗದಂತೆ ಹತ್ತಿ ಇಡುತ್ತಾನೆ. ಉಗುರು ಕತ್ತರಿಸುವಾಗ ಮಾತ್ರ ಅಂಜುತ್ತಾನೆ, ಹೀಗಾಗಿ ಅವು ಯಾವಾಗಲೂ ಸ್ವಲ್ಪ ಉದ್ದವೇ ಇರುತ್ತವೆ. ಅವನ ಮನೆಯಲ್ಲಿ ಬಿಡುವ ವ್ಯವಸ್ಥೆಯನ್ನು ನಾವು ಮೂರು ಸಲ ಬಳಸಿದ್ದೇವೆ. ರೇಬೀಸ್ ಲಸಿಕೆಯ ಕಾರ್ಡ್ ತೋರಿಸದೆ ಯಾವ ನಾಯಿಯನ್ನೂ ಒಳಗೆ ಬಿಡುವುದಿಲ್ಲ. ತಾನೂ ಕಚ್ಚಿಸಿಕೊಳ್ಳುವ ಮೊದಲೇ ತೆಗೆದುಕೊಳ್ಳುವ ಮೂರು ಡೋಸುಗಳನ್ನು ಮುಗಿಸಿದ್ದಾನೆ. ದೀಪಾವಳಿಯಲ್ಲಿ ಬಿಟ್ಟು ಹೋಗಿದ್ದು ನಮ್ಮ ತಪ್ಪು. ಅವನ ಮನೆ ಇರುವ ಓಣಿಯಲ್ಲಿ ಪಟಾಕಿ ಜೋರು, ನಮ್ಮ ಓಣಿಯಲ್ಲಿ ಅಷ್ಟಿಲ್ಲ.

ಹಳೆಯ ಬ್ಯಾಂಕಿನವನಾದ್ದರಿಂದ ಲೆಕ್ಕದ ಮಾತೊಂದನ್ನು ಹೇಳದಿರಲಾರೆ. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿಯನ್ನು ಅವನು ಮಾಡಿಸಿದ್ದಾನೆ. ಅದಕ್ಕೆ ಸರ್ಕಾರದ ಶುಲ್ಕವಿಲ್ಲ, ಆದರೂ ಯಾರೋ ಏಜೆಂಟ್ ಅವನಿಂದ 1,500 ರೂಪಾಯಿ ಪಡೆದಿದ್ದ. ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ ಒತ್ತೆಯಿಲ್ಲದೆ 50,000ದವರೆಗೆ ಸಾಲ ಸಿಗುತ್ತದೆಂದು ನಾನೇ ಹೇಳಿ ಅರ್ಜಿ ಹಾಕಿಸಿದೆ. ಆ ಹಣದಲ್ಲಿ ಮೈ ಒಣಗಿಸುವ ಬ್ಲೋವರ್ ಮತ್ತು ಹಳೆಯ ಸ್ಕೂಟರ್ ಬಂದವು. ಸೇವೆಗಳಿಗೆ ಜಿಎಸ್‌ಟಿಯ 20 ಲಕ್ಷದ ಮಿತಿ ಅವನ ವಹಿವಾಟಿಗೆ ಬಹಳ ದೂರ, ಆದ್ದರಿಂದ ರಸೀದಿಯಲ್ಲಿ ತೆರಿಗೆ ಇರುವುದಿಲ್ಲ. ರಸೀದಿ ಮಾತ್ರ ತಪ್ಪದೆ ಕೊಡುತ್ತಾನೆ.

ನನ್ನ ದೂರು ಇರುವುದು 2025ರ ಮೊದಲ ಆರು ತಿಂಗಳ ಬಗ್ಗೆ. ಶುರುವಿನಲ್ಲಿ ನಾಲ್ಕಿದ್ದ ನಾಯಿಗಳು ಹದಿನಾಲ್ಕಾದವು, ಆದರೆ ದರ ಒಂದು ರೂಪಾಯಿಯೂ ಏರಲಿಲ್ಲ. ಬೇಡವೆನ್ನಲು ಬಾರದ ಸ್ವಭಾವ ಅವನದು. ಒಬ್ಬ ಸಹಾಯಕನನ್ನು ಇಟ್ಟುಕೊಂಡ. ಆ ಹುಡುಗ ಮೊಬೈಲ್ ನೋಡುತ್ತಲೇ ನಾಯಿಯನ್ನು ಹಿಡಿದು ನಡೆಯುತ್ತಿದ್ದುದನ್ನು ನನ್ನ ಹೆಂಡತಿ ಕಣ್ಣಾರೆ ಕಂಡಳು. ನಡಿಗೆ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು. ಇದಕ್ಕಿಂತ ಬೇಸರವಾದದ್ದು ಪುಸ್ತಕದಿಂದ: ಸತತ ಒಂಬತ್ತು ದಿನ "40 ನಿಮಿಷ, ಎಲ್ಲಾ ಛಲೋ" ಎಂಬ ಒಂದೇ ಸಾಲು, ಒಂದೇ ಪೆನ್ನಿನಲ್ಲಿ, ಒಂದೇ ಸಲ ಕುಳಿತು ಬರೆದಂತೆ. ಪುಸ್ತಕವನ್ನು ಅವನ ಮುಂದೆ ಇಟ್ಟೆ, ಹೆಚ್ಚು ಮಾತನಾಡಲಿಲ್ಲ. ಅವನು ಪುಟ ತಿರುವಿ ನೋಡಿ, ಚಹಾ ಕುಡಿಯದೆ ಎದ್ದು ಹೋದ. ಸಿಟ್ಟು ಬಂದಿರಬೇಕೆಂದುಕೊಂಡೆವು.

ಹದಿನೈದು ದಿನಗಳ ಮೇಲೆ ಬಂದು, ಇನ್ನು ಮುಂದೆ ಎಂಟೇ ನಾಯಿಗಳು, ತಿಂಗಳಿಗೆ 3,200 ರೂಪಾಯಿ, ಒಪ್ಪಿಗೆಯಾಗದಿದ್ದರೆ ಬೇರೆಯವರನ್ನು ಹುಡುಕಿಕೊಡುತ್ತೇನೆ ಎಂದ. ಸಹಾಯಕನನ್ನು ಬಿಡಿಸಿದ್ದ. ನಾವು ಒಪ್ಪಿದೆವು, ಪಕ್ಕದ ಮನೆಯ ಲ್ಯಾಬ್ರಡಾರ್‌ನವರು ಒಪ್ಪಲಿಲ್ಲ, ಅವರ ದೃಷ್ಟಿಯಲ್ಲಿ ಅದು ಸರಿಯೇ, ಏಕೆಂದರೆ ಅವರ ವಯಸ್ಸಾದ ನಾಯಿಗೆ ಓಣಿಯ ಒಂದು ಸುತ್ತು ಸಾಕು. ಓಡುವ ತಳಿಯನ್ನು ಸಾಕಿ, ತಾವು ಓಡಲಾಗದವರಿಗೆ ಈ ದರ ಹೊರೆಯಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿದ ಒಂದು ಅಂಕ ಆ ಒಂಬತ್ತು ಸಾಲುಗಳಿಗೆ. ನಿನ್ನೆ ಬೆಳಗಿನ ಪುಟದಲ್ಲಿ ಇರುವುದು ಇಷ್ಟು: "38 ನಿಮಿಷ. ಮಳಿ ಜೋರಿತ್ತು, ಎರಡು ನಿಮಿಷ ಕಡಿಮಿ ಆತು. ನಾಳೆ ಸೇರಸ್ತೇನಿ."